ಎಲ್ಲರ ಕಣ್ಣೂ ಮಂಡಿಯ ಮೇಲಿತ್ತು, ಪೆಟ್ಟು ಬಿದ್ದದ್ದು ತಲೆಗೆ: ಜೋ ಮಾವರ್ ಜಾಗ ಬದಲಿಸಿದ ಪ್ರಕರಣ

2013ರ ಆಗಸ್ಟ್ 19. ಮಿನಿಯಾಪೊಲಿಸ್‌ನ ಟಾರ್ಗೆಟ್ ಫೀಲ್ಡ್ ಮೈದಾನ. ಮಿನೆಸೋಟಾ ಟ್ವಿನ್ಸ್ ಮತ್ತು ನ್ಯೂಯಾರ್ಕ್ ಮೆಟ್ಸ್ ನಡುವಿನ ಬೇಸ್‌ಬಾಲ್ ಪಂದ್ಯ. ಮೆಟ್ಸ್ ತಂಡದ ಐಕ್ ಡೇವಿಸ್ ಬ್ಯಾಟ್ ಬೀಸಿದರು. ಚೆಂಡು ಬ್ಯಾಟಿನ ಅಂಚನ್ನು ಸವರಿಕೊಂಡು ಹಿಂದಕ್ಕೆ ಚಿಮ್ಮಿತು. ಹಿಂದೆ ಕೂತಿದ್ದ ಕ್ಯಾಚರ್ ಜೋ ಮಾವರ್ ಅವರ ಮುಖವಾಡಕ್ಕೆ ಬಡಿಯಿತು. ಇದನ್ನು ಫೌಲ್ ಟಿಪ್ ಅನ್ನುತ್ತಾರೆ. ಕ್ಯಾಚರ್‌ಗಳಿಗೆ ಇದು ದಿನನಿತ್ಯದ ಪೆಟ್ಟು. ತಲೆ ಕೊಡವಿಕೊಂಡು ಮತ್ತೆ ಕೂರುತ್ತಾರೆ. ಮಾವರ್ ಕೂಡ ಹಾಗೇ ಮಾಡಿದರು.

ಮಾರನೇ ದಿನ ಬ್ಯಾಟಿಂಗ್ ಅಭ್ಯಾಸದ ಹೊತ್ತಿಗೆ ಅವರಿಗೆ ತಲೆ ಸುತ್ತಲು ಶುರುವಾಯಿತು. ವೈದ್ಯರು ಕನ್ಕಷನ್ ಅಂದರು, ಅಂದರೆ ಪೆಟ್ಟಿಗೆ ತಲೆಬುರುಡೆಯೊಳಗೆ ಮಿದುಳು ಅಲುಗಾಡಿ ಆಗುವ ಗಾಯ. ತಂಡ ಅವರನ್ನು ಏಳು ದಿನದ ಗಾಯಾಳು ಪಟ್ಟಿಗೆ ಸೇರಿಸಿತು. ಏಳು ದಿನ ಮುಗಿಯಿತು, ತಿಂಗಳೂ ಮುಗಿಯಿತು. ಆ ವರ್ಷ ಅವರು ಮತ್ತೆ ಅಂಗಳಕ್ಕೆ ಇಳಿಯಲೇ ಇಲ್ಲ.

ಆಗ ಮಾವರ್‌ಗೆ 30 ವರ್ಷ. ಬೇರೆ ಜಾಗದಲ್ಲಿ ಆಡುವವರಿಗೆ ಮೂವತ್ತು ಅಂದರೆ ತುಂಬು ಪ್ರಾಯ. ಕ್ಯಾಚರ್‌ಗೆ ಮೂವತ್ತು ಅಂದರೆ ಸಂಜೆ ಹೊತ್ತು. ಅವರು ಮತ್ತೆ ಮುಖವಾಡ ತೊಡಬೇಕಾ, ಅಥವಾ ಬೇರೆ ಜಾಗಕ್ಕೆ ಹೋಗಬೇಕಾ? ಇದೇ ಈ ಪ್ರಕರಣದ ಪ್ರಶ್ನೆ. ಉತ್ತರ ಏನಾಯಿತು ಅಂತ ಎಲ್ಲರಿಗೂ ಗೊತ್ತು: ಕ್ಯಾಚಿಂಗ್ ಬಿಟ್ಟು ಫಸ್ಟ್ ಬೇಸ್ ಕಾಯುವ ಜಾಗಕ್ಕೆ ಹೋದರು. ಆ ಉತ್ತರವನ್ನು ಅಳೆಯುವಾಗ ಮಾತ್ರ ಬಹಳ ಜನ ತಪ್ಪು ಅಳತೆಗೋಲು ಹಿಡಿಯುತ್ತಾರೆ ಅಂತ ನನಗೆ ಅನಿಸುತ್ತದೆ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಕ್ಯಾಚರ್ ಕೂರುವ ಜಾಗ

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಮೊದಲು ಎರಡು ಮಾತು. ಕ್ಯಾಚರ್ ಅಂದರೆ ವಿಕೆಟ್ ಕೀಪರ್ ಇದ್ದ ಹಾಗೆ ಅಂತ ಹೇಳುವುದುಂಟು. ಅದು ಅರ್ಧ ನಿಜ. ವೇಗದ ಬೌಲರ್ ಎಸೆಯುವಾಗ ಕೀಪರ್ ಸಾಕಷ್ಟು ಹಿಂದೆ ನಿಲ್ಲುತ್ತಾರೆ. ಚೆಂಡು ಅಂಚಿಗೆ ತಾಗಿದ್ದು ಕಂಡು ಹಾರುವುದಕ್ಕೆ ಸ್ವಲ್ಪ ಹೊತ್ತು ಸಿಗುತ್ತದೆ. ಕ್ಯಾಚರ್ ಬ್ಯಾಟಿನ ಬೆನ್ನಿಗೇ ಅಂಟಿಕೊಂಡಂತೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಒಂದು ಪಂದ್ಯದಲ್ಲಿ ನೂರಿಪ್ಪತ್ತೋ ನೂರೈವತ್ತೋ ಎಸೆತ. ಪ್ರತಿ ಎಸೆತಕ್ಕೂ ಕೂರಬೇಕು, ಏಳಬೇಕು. ತಂಡ ಒಂದು ಋತುವಿನಲ್ಲಿ ಆಡುವುದು 162 ಪಂದ್ಯ. ಯಾವ ಎಸೆತ ಹಾಕಬೇಕು ಅಂತ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ತಿಳಿಸಬೇಕು. ಎಸೆತದ ಹೊತ್ತಿಗೇ ಮುಂದಿನ ಬೇಸ್‌ಗೆ, ಅಂದರೆ ಓಟದ ಮುಂದಿನ ಗುರುತಿಗೆ, ಕದ್ದು ಓಡುವವನನ್ನು ಎದ್ದ ರಭಸದಲ್ಲೇ ಎಸೆದು ಔಟ್ ಮಾಡಬೇಕು. ನೆಲಕ್ಕೆ ಕುಟ್ಟಿ ಬರುವ ಚೆಂಡನ್ನು ಎದೆಯೊಡ್ಡಿ ತಡೆಯಬೇಕು.

ಫೌಲ್ ಟಿಪ್‌ನ ಲೆಕ್ಕವನ್ನೂ ಒಮ್ಮೆ ನೋಡಿ. ಬೇಸ್‌ಬಾಲ್ ಚೆಂಡಿನ ತೂಕ ಸುಮಾರು 145 ಗ್ರಾಂ. ಗಂಟೆಗೆ 150 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 41 ಮೀಟರಿಗಿಂತ ಜಾಸ್ತಿ. ಬ್ಯಾಟಿಗೂ ಮುಖವಾಡಕ್ಕೂ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಮೀಟರ್. ಬರೀ ಅಂಚಿಗೆ ಸವರಿದ ಚೆಂಡು ತನ್ನ ವೇಗವನ್ನೇನೂ ಜಾಸ್ತಿ ಕಳೆದುಕೊಳ್ಳುವುದಿಲ್ಲ. ದಿಕ್ಕು ಬದಲಿಸಿ ಮುಖಕ್ಕೆ ಬರಲು ಅದಕ್ಕೆ ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ರೆಪ್ಪೆ ಮುಚ್ಚಿ ತೆರೆಯಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಮುಖವಾಡ ಮೂಗು, ಹಲ್ಲು, ಕಣ್ಣುಗಳನ್ನು ಉಳಿಸುತ್ತದೆ. ಒಳಗಿನ ಅಲುಗಾಟವನ್ನು ಪೂರ್ತಿ ತಡೆಯುವುದು ಅದರ ಕೈಲಾಗುವುದಿಲ್ಲ.

ಈ ಮನುಷ್ಯ ಯಾರು

ಮಾವರ್ ಹುಟ್ಟಿದ್ದು 1983ರ ಏಪ್ರಿಲ್ 19ರಂದು, ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ. ಅದೇ ಊರಿನ ಹೈಸ್ಕೂಲಿನಲ್ಲಿ ಓದಿದರು. ಅಮೆರಿಕನ್ ಫುಟ್‌ಬಾಲ್‌ನಲ್ಲೂ ಅವರು ದೊಡ್ಡ ಪ್ರತಿಭೆ. 2001ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ, ಟ್ವಿನ್ಸ್ ತಂಡ ಇಡೀ ದೇಶದಲ್ಲೇ ಮೊದಲ ಆಯ್ಕೆಯಾಗಿ ಇವರನ್ನು ಕರೆದುಕೊಂಡಿತು. ಊರ ಹುಡುಗ ಊರ ತಂಡಕ್ಕೆ ಬಂದ. ಈ ನಂಟು ಮುಂದೆ ಪ್ರತಿ ತೀರ್ಮಾನದ ಮೇಲೂ ಭಾರ ಹಾಕಿತು.

ಬ್ಯಾಟಿಂಗ್‌ನಲ್ಲಿ ಇವರಂಥ ಕ್ಯಾಚರ್ ಹಿಂದೆ ಇರಲಿಲ್ಲ. 2006ರಲ್ಲಿ .347 ಸರಾಸರಿಯೊಂದಿಗೆ (ಸಾವಿರ ಸಲಕ್ಕೆ 347 ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ್ದು) ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಕಿರೀಟ ಗೆದ್ದರು. ದೊಡ್ಡ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಅದು ಒಂದು, ಕಿರೀಟ ಅತಿ ಹೆಚ್ಚು ಸರಾಸರಿಗೆ. ಆ ಲೀಗ್‌ನಲ್ಲಿ ಕ್ಯಾಚರ್ ಒಬ್ಬರು ಅದನ್ನು ಗೆದ್ದದ್ದು ಅದೇ ಮೊದಲು. 2008ರಲ್ಲಿ .328, ಮತ್ತೆ ಕಿರೀಟ. 2009ರಲ್ಲಿ .365, ಮೂರನೇ ಕಿರೀಟ, 28 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ), ಜೊತೆಗೆ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ. ಮೂರು ಬ್ಯಾಟಿಂಗ್ ಕಿರೀಟ ಗೆದ್ದ ಕ್ಯಾಚರ್ ಇವರೊಬ್ಬರೇ. ಕೈಗವಸಿನ ಕೆಲಸದಲ್ಲೂ ಹಿಂದೆ ಬೀಳಲಿಲ್ಲ. 2008ರಿಂದ 2010ರವರೆಗೆ ಸಾಲಾಗಿ ಮೂರು ಗೋಲ್ಡ್ ಗ್ಲೋವ್, ಅಂದರೆ ಫೀಲ್ಡಿಂಗ್ ಪ್ರಶಸ್ತಿ, ಬಂದವು.

2010ರ ಮಾರ್ಚ್‌ನಲ್ಲಿ ಟ್ವಿನ್ಸ್ ಎಂಟು ವರ್ಷಕ್ಕೆ 18.4 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. 2011ರಿಂದ 2018ರವರೆಗೆ, ವರ್ಷಕ್ಕೆ 2.3 ಕೋಟಿ. ಆ ದುಡ್ಡು ಕೊಟ್ಟದ್ದು ಒಬ್ಬ ಕ್ಯಾಚರ್‌ಗೆ. ಅಷ್ಟು ಚೆನ್ನಾಗಿ ಬ್ಯಾಟ್ ಮಾಡುವವರು ಆ ಜಾಗದಲ್ಲಿ ಸಿಗುವುದೇ ಇಲ್ಲ ಎನ್ನುವುದೇ ಆ ಬೆಲೆಗೆ ಕಾರಣ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಂಡಿಯ ಕಥೆ

ಮಾವರ್ ಆರು ಅಡಿ ಐದು ಅಂಗುಲ ಎತ್ತರ. ಕುಕ್ಕರಗಾಲಲ್ಲಿ ಕೂರುವ ಕೆಲಸಕ್ಕೆ ಇದು ಅತಿ ಎತ್ತರ. 2004ರ ಏಪ್ರಿಲ್‌ನಲ್ಲಿ ದೊಡ್ಡ ಲೀಗ್‌ಗೆ ಕಾಲಿಟ್ಟರು. ಎರಡನೇ ಪಂದ್ಯದಲ್ಲೇ ಗಾಳಿಗೆ ಎದ್ದ ಫೌಲ್ ಚೆಂಡಿನ ಹಿಂದೆ ಓಡಿ ಜಾರಿ ಎಡ ಮಂಡಿಯ ಮೆನಿಸ್ಕಸ್, ಅಂದರೆ ಕೀಲಿನ ಒಳಗಿನ ಮೆತ್ತನೆಯ ಮೃದ್ವಸ್ಥಿ, ಹರಿದುಕೊಂಡರು. ಆ ವರ್ಷ ಆಡಲು ಆದದ್ದು 35 ಪಂದ್ಯ ಮಾತ್ರ. ಅವತ್ತಿನಿಂದಲೇ ಮಾತು ಶುರುವಾಯಿತು. ಈ ಹುಡುಗ ಎಷ್ಟು ದಿನ ಕ್ಯಾಚರ್ ಆಗಿ ಉಳಿಯುತ್ತಾನೆ? ಈ ಬ್ಯಾಟನ್ನು ಮಂಡಿಗೋಸ್ಕರ ಕಳೆದುಕೊಳ್ಳಬೇಕಾ?

2009ರ ಋತುವಿನ ಮೊದಲ ತಿಂಗಳು ಸೊಂಟದ ಕೆಳಗಿನ ನೋವಿನಿಂದ ಹೊರಗಿದ್ದರು. 2010ರ ಕೊನೆಗೆ ಮಂಡಿಗೆ ಮತ್ತೊಂದು ಶಸ್ತ್ರಚಿಕಿತ್ಸೆ. 2011ರಲ್ಲಿ ಎರಡೂ ಕಾಲುಗಳಲ್ಲಿ ಬಲವೇ ಇಲ್ಲ ಎನ್ನುವ ಸ್ಥಿತಿ ಬಂತು. ಆ ವರ್ಷ 82 ಪಂದ್ಯ, .287 ಸರಾಸರಿ, ಬರೀ ಮೂರು ಹೋಮ್ ರನ್. ದೊಡ್ಡ ಒಪ್ಪಂದದ ಮೊದಲ ವರ್ಷವೇ ಹೀಗಾಯಿತು. ಟ್ವಿನ್ಸ್ ಆ ವರ್ಷ 99 ಪಂದ್ಯ ಸೋತಿತು. ಊರ ಜನರೇ ಮುನಿಸಿಕೊಂಡರು. ನೋವಿದ್ದೂ ಆಡಿದರೆ ಧೀರ, ನೋವು ಅಂತ ಹೇಳಿ ಕೂತರೆ ಮೆತ್ತಗಿನವ. ಆಟಗಾರನ ಮೈಯನ್ನು ಹೊರಗಿನಿಂದ ನೋಡಿ ಹೀಗೆ ತೀರ್ಪು ಕೊಡುವುದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಆಮೇಲೆ ತಂಡ ಒಂದು ನಡುದಾರಿ ಹಿಡಿಯಿತು. 2012ರಲ್ಲಿ ಮಾವರ್ 147 ಪಂದ್ಯ ಆಡಿದರು. ಅದರಲ್ಲಿ ಕ್ಯಾಚರ್ ಆಗಿ ಕೂತದ್ದು ಸುಮಾರು ಅರ್ಧ. ಉಳಿದ ದಿನ ಫಸ್ಟ್ ಬೇಸ್, ಇಲ್ಲವೇ ಬರೀ ಬ್ಯಾಟ್ ಮಾಡುವ ಡೆಸಿಗ್ನೇಟೆಡ್ ಹಿಟರ್. ಫಲ ಚೆನ್ನಾಗಿಯೇ ಇತ್ತು. ಸರಾಸರಿ .319ಕ್ಕೆ ಏರಿತು. ಔಟಾಗದೆ ಬೇಸ್ ತಲುಪುವ ಪ್ರಮಾಣ .416, ಲೀಗ್‌ನಲ್ಲೇ ಜಾಸ್ತಿ. 2013ರಲ್ಲೂ ಪೆಟ್ಟು ಬೀಳುವ ತನಕ .324.

ಕಾಲಿನ ಸಮಸ್ಯೆಗೆ ಅರ್ಧ ಕ್ಯಾಚಿಂಗ್ ಒಳ್ಳೆಯ ಮದ್ದು. ದಣಿದ ಮಂಡಿಗೆ ಒಂದು ದಿನ ಬಿಡುವು ಕೊಟ್ಟರೆ ಅದು ಸುಧಾರಿಸಿಕೊಳ್ಳುತ್ತದೆ. ಫೌಲ್ ಟಿಪ್‌ಗೆ ಈ ಮದ್ದು ನಾಟುವುದಿಲ್ಲ. ಅರ್ಧ ದಿನ ಕೂತರೆ ಅಪಾಯ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಉಳಿದರ್ಧದಲ್ಲಿ ಬೀಳುವ ಪೆಟ್ಟು ಪೂರ್ತಿ ಪೆಟ್ಟೇ. ಹತ್ತು ವರ್ಷ ಎಲ್ಲರೂ ಮಂಡಿ ನೋಡುತ್ತಾ ಕೂತಿದ್ದರು, ಯೋಜನೆಯೂ ಮಂಡಿಯದೇ ಆಗಿತ್ತು.

ತಂಡಕ್ಕೆ ಗೊತ್ತಿತ್ತು

ಟ್ವಿನ್ಸ್‌ಗೆ ಕನ್ಕಷನ್ ಹೊಸದಲ್ಲ. ಅವರ ಹಳೆಯ ಥರ್ಡ್ ಬೇಸ್ ಆಟಗಾರ ಕೋರಿ ಕೋಸ್ಕಿ ಬೇರೆ ತಂಡಕ್ಕೆ ಹೋದ ಮೇಲೆ 2006ರಲ್ಲಿ ಒಂದು ಚೆಂಡಿನ ಹಿಂದೆ ಹೋಗಿ ಬಿದ್ದರು. ಮತ್ತೆ ದೊಡ್ಡ ಲೀಗ್‌ನಲ್ಲಿ ಆಡಲು ಆಗಲಿಲ್ಲ. 2010ರ ಜುಲೈನಲ್ಲಿ ಫಸ್ಟ್ ಬೇಸ್‌ನ ಜಸ್ಟಿನ್ ಮಾರ್ನೋ ಎರಡನೇ ಬೇಸ್‌ಗೆ ಜಾರುವಾಗ ಎದುರಾಳಿಯ ಮಂಡಿ ಅವರ ತಲೆಗೆ ಬಡಿಯಿತು. ಆಗ ಮಾರ್ನೋ .345ರಲ್ಲಿ ಆಡುತ್ತಿದ್ದರು. ಆ ಋತು ಅಲ್ಲಿಗೇ ಮುಗಿಯಿತು, ಹಳೆಯ ಲಯ ಬರಲು ವರ್ಷಗಳೇ ಬೇಕಾದವು. 2011ರಲ್ಲಿ ಸೆಂಟರ್ ಫೀಲ್ಡ್‌ನ ಡೆನಾರ್ಡ್ ಸ್ಪ್ಯಾನ್‌ಗೂ ಅದೇ ಗಾಯ.

ಕ್ಯಾಚರ್‌ಗಳಲ್ಲೂ ಎಚ್ಚರಿಕೆಯ ಉದಾಹರಣೆ ಇತ್ತು. ಸೇಂಟ್ ಲೂಯಿಸ್‌ನಲ್ಲಿ ಹೆಸರು ಮಾಡಿದ್ದ ಮೈಕ್ ಮಥೀನಿ 2006ರಲ್ಲಿ ಮುಖವಾಡಕ್ಕೆ ಮೇಲಿಂದ ಮೇಲೆ ಫೌಲ್ ಟಿಪ್ ತಿಂದು ಆಟವನ್ನೇ ಬಿಡಬೇಕಾಯಿತು.

ಹೀಗಿದ್ದೂ ಮಾವರ್ ಏಕೆ ಅಲ್ಲೇ ಕೂತಿದ್ದರು? ದೊಡ್ಡ ಕಾರಣ ತೀರಾ ಸಾದಾ. ಹೋಗಬೇಕಾದ ಜಾಗ ಖಾಲಿ ಇರಲಿಲ್ಲ. ಫಸ್ಟ್ ಬೇಸ್‌ನಲ್ಲಿ ಮಾರ್ನೋ ಇದ್ದರು. ಅವರೂ 2006ರ ಅತ್ಯಮೂಲ್ಯ ಆಟಗಾರ, ಅವರ ಒಪ್ಪಂದ 2013ರ ತನಕ ಇತ್ತು. 2013ರ ಆಗಸ್ಟ್ 31ರಂದು ಟ್ವಿನ್ಸ್ ಮಾರ್ನೋ ಅವರನ್ನು ಪಿಟ್ಸ್‌ಬರ್ಗ್‌ಗೆ ಕೊಟ್ಟುಬಿಟ್ಟಿತು. ಮಾವರ್ ತಲೆಗೆ ಪೆಟ್ಟು ಬಿದ್ದು ಆಗ ಹನ್ನೆರಡು ದಿನ. ಜಾಗ ತೆರವಾಗುವುದಕ್ಕೂ ಅದು ಬೇಕಾಗುವುದಕ್ಕೂ ನಡುವೆ ಇದ್ದ ಅಂತರ ಇಷ್ಟೇ. ಆ ಹನ್ನೆರಡು ದಿನ ನೆನೆದರೆ ಈಗಲೂ ಹೊಟ್ಟೆ ಕಲಕುತ್ತದೆ.

2013ರ ನವೆಂಬರ್‌ನ ಮೇಜಿನ ಮೇಲೆ ಏನಿತ್ತು

ಆ ಚಳಿಗಾಲದಲ್ಲಿ ತಂಡದ ಮುಂದೆ ಇದ್ದ ಸಂಗತಿಗಳು ಇವು. ಆಟಗಾರನಿಗೆ 30 ವರ್ಷ. ಇನ್ನೂ ಐದು ವರ್ಷ, 11.5 ಕೋಟಿ ಡಾಲರ್ ಬಾಕಿ. ತಂಡ ಸಾಲಾಗಿ ಮೂರು ವರ್ಷ ತೊಂಬತ್ತಕ್ಕಿಂತ ಹೆಚ್ಚು ಪಂದ್ಯ ಸೋತಿದೆ. ಮಾವರ್ ಮನೆಯಲ್ಲಿ ಆ ಜುಲೈನಲ್ಲಷ್ಟೇ ಹುಟ್ಟಿದ ಅವಳಿ ಹೆಣ್ಣುಮಕ್ಕಳು.

ಹಳೆಯ ಹಾಗೆ ಅರ್ಧ ಕ್ಯಾಚಿಂಗ್ ಮುಂದುವರಿಸುವುದು ಒಂದು ದಾರಿ. ಮೂರನೇ ಬೇಸ್ ಇನ್ನೊಂದು. ಕೈ ಗಟ್ಟಿ ಇತ್ತು, ಎಸೆತ ಚೆನ್ನಾಗಿತ್ತು. ಆದರೆ ಅಲ್ಲಿಗೂ ಚೆಂಡು ಗುಂಡಿನ ಹಾಗೆ ಬರುತ್ತದೆ. ಆ ಚುರುಕನ್ನು ಆ ವಯಸ್ಸಿನಲ್ಲಿ, ಅದೂ ಇಷ್ಟು ಎತ್ತರದ ಮೈಯಲ್ಲಿ ಹೊಸದಾಗಿ ಕಲಿಯುವುದು ಸುಲಭ ಅಲ್ಲ. ಹೊರ ಅಂಗಳದಲ್ಲಿ 2011ರಲ್ಲಿ ಒಂದೇ ಒಂದು ಪಂದ್ಯ ಆಡಿದ್ದರು, ರೈಟ್ ಫೀಲ್ಡ್‌ನಲ್ಲಿ. ಅದನ್ನು ಯಾರೂ ಗಂಭೀರವಾಗಿ ನೋಡಲಿಲ್ಲ. ಬರೀ ಡೆಸಿಗ್ನೇಟೆಡ್ ಹಿಟರ್ ಮಾಡಬಹುದಿತ್ತು. ಮೂವತ್ತರಲ್ಲೇ ಹಾಗೆ ಮಾಡಿದರೆ ಒಳ್ಳೆಯ ಕೈಗವಸನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತೆ. ಉಳಿದದ್ದು ಫಸ್ಟ್ ಬೇಸ್. ಅದು ತೆರವಾಗಿತ್ತು. ಎತ್ತರದವರಿಗೆ ಅಲ್ಲಿ ಅನುಕೂಲ ಕೂಡ. ಬೇಸ್ ಮೇಲೆ ಕಾಲಿಟ್ಟು ಮೈ ಚಾಚಿ ಚೆಂಡು ಹಿಡಿಯುವ ಕೆಲಸ ಅದು. ಮಾವರ್ ಅಲ್ಲಿ ಆಗಲೇ ಐವತ್ತಕ್ಕೂ ಹೆಚ್ಚು ಪಂದ್ಯ ಆಡಿದ್ದರು.

ಈಗ ದುಡ್ಡಿನ ಮಾತಿಗೆ ಬರೋಣ. ಬೇಸ್‌ಬಾಲ್ ಲೆಕ್ಕಿಗರು ಪ್ರತಿ ಜಾಗಕ್ಕೂ ಒಂದು ತೂಕ ಕೊಡುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಒಂದು ಕೋಷ್ಟಕದಲ್ಲಿ ಪೂರ್ತಿ ಋತು ಆಡುವ ಕ್ಯಾಚರ್‌ಗೆ 12.5 ರನ್ ಕೂಡಿಸುತ್ತಾರೆ. ಫಸ್ಟ್ ಬೇಸ್‌ಗೆ 12.5 ರನ್ ಕಳೆಯುತ್ತಾರೆ. ಬರೀ ಬ್ಯಾಟ್ ಮಾಡುವವರಿಗೆ 17.5 ಕಳೆಯುತ್ತಾರೆ. ಕಾರಣ ಸರಳ. ಫಸ್ಟ್ ಬೇಸ್‌ನಲ್ಲಿ ನಿಲ್ಲುವ ಬ್ಯಾಟರ್‌ಗಳು ಬೇಕಾದಷ್ಟು ಸಿಗುತ್ತಾರೆ, ಬ್ಯಾಟ್ ಹಿಡಿಯಬಲ್ಲ ಕ್ಯಾಚರ್ ಸಿಗುವುದಿಲ್ಲ. ಹತ್ತು ರನ್ ಅಂದರೆ ಸರಿಸುಮಾರು ಒಂದು ಗೆಲುವು. ಈ ಕೋಷ್ಟಕ ಹಿಡಿದವರು ಏನು ಹೇಳಿದರು? ಜಾಗ ಬದಲಿಸಿದರೆ 25 ರನ್ ಹೋಯಿತು, ಅಂದರೆ ವರ್ಷಕ್ಕೆ ಎರಡೂವರೆ ಗೆಲುವು ಹೋಯಿತು. ಬ್ಯಾಟಿನಲ್ಲಿ ಬದಲಾವಣೆ ಇಲ್ಲ, ಬೆಲೆ ಅರ್ಧ.

ಈ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಮಾವರ್ ಪೂರ್ತಿ ಋತು ಕ್ಯಾಚರ್ ಆಗಿ ಆಡುತ್ತಲೇ ಇರಲಿಲ್ಲ. 75 ಪಂದ್ಯ ಕ್ಯಾಚರ್, ಉಳಿದ ನಲವತ್ತರಷ್ಟು ಪಂದ್ಯ ಡೆಸಿಗ್ನೇಟೆಡ್ ಹಿಟರ್ ಅಥವಾ ಫಸ್ಟ್ ಬೇಸ್ ಅಂತ ಇಟ್ಟುಕೊಳ್ಳಿ. ಕೂಡಿ ಕಳೆದರೆ ಜಾಗದ ತೂಕ ಒಂದೆರಡು ರನ್ ಮಾತ್ರ ಲಾಭದಲ್ಲಿರುತ್ತದೆ. ಫಸ್ಟ್ ಬೇಸ್‌ನಲ್ಲಿ 150 ಪಂದ್ಯ ಆಡಿದರೆ ಸುಮಾರು 12 ರನ್ ಕಳೆಯಬೇಕು. ಹಾಗಾದರೆ ನಿಜವಾದ ನಷ್ಟ 25 ಅಲ್ಲ, 13ರ ಆಸುಪಾಸು. ಮೂವತ್ತೈದು ನಲವತ್ತು ಪಂದ್ಯ ಹೆಚ್ಚಿಗೆ ಆಡಿದರೆ, ಬ್ಯಾಟ್ ಹಳೆಯ ಹಾಗೇ ನಡೆದರೆ, ಆ ಗುಂಡಿ ಬಹುಪಾಲು ತುಂಬಿಬಿಡುತ್ತದೆ. ಅಂದರೆ ಬರೀ ಆಟದ ಲೆಕ್ಕದಲ್ಲೂ ಈ ಬದಲಾವಣೆ ಹೆಚ್ಚುಕಡಿಮೆ ಸರಿಸಮ. ಅದರ ಮೇಲೆ ತಲೆಯ ಮಾತು ಬಂದರೆ ತಕ್ಕಡಿ ಒಂದೇ ಕಡೆಗೆ ವಾಲುತ್ತದೆ, ಅಲ್ವಾ?

2013ರ ನವೆಂಬರ್ 11ರಂದು ಟ್ವಿನ್ಸ್ ಘೋಷಿಸಿತು. ಮೇಯೋ ಕ್ಲಿನಿಕ್ ಆಸ್ಪತ್ರೆಯ ತಜ್ಞರ ಜೊತೆಗೂ ತಂಡದ ವೈದ್ಯರ ಜೊತೆಗೂ ಮಾತಾಡಿದ ಮೇಲೆ ಮಾವರ್ ಕ್ಯಾಚಿಂಗ್ ಬಿಡುತ್ತಿದ್ದಾರೆ, ಇನ್ನು ಮುಂದೆ ಫಸ್ಟ್ ಬೇಸ್. ಕ್ಯಾಚರ್ ಜಾಗಕ್ಕೆ ಕರ್ಟ್ ಸುಝುಕಿ ಬಂದರು. ಮುಂದಿನ ವರ್ಷವೇ ಅವರು ಲೀಗ್‌ನ ಆಯ್ದ ಆಟಗಾರರು ಆಡುವ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ತಂಡಕ್ಕೆ ಆ ಜಾಗದಲ್ಲಿ ದೊಡ್ಡ ತೂತೇನೂ ಬೀಳಲಿಲ್ಲ.

ಆಮೇಲೆ

2014ರಲ್ಲಿ .277, ನಾಲ್ಕು ಹೋಮ್ ರನ್. ಪಕ್ಕೆಲುಬಿನ ಬಳಿಯ ಸ್ನಾಯು ಎಳೆದುಕೊಂಡು ಒಂದಷ್ಟು ದಿನ ಹೊರಗೆ, ಒಟ್ಟು 120 ಪಂದ್ಯ. 2015ರಲ್ಲಿ .265. 2016ರಲ್ಲಿ .261. ಅಲ್ಲಿಯವರೆಗೆ ಹೆಚ್ಚಿನ ವರ್ಷ .300ರ ಮೇಲೇ ಓಡಾಡಿದ ಮನುಷ್ಯ ಇವರು. 2017ರಲ್ಲಿ ಮತ್ತೆ .305ಕ್ಕೆ ಎದ್ದರು. 2018ರಲ್ಲಿ .282.

ಕ್ಯಾಚಿಂಗ್ ಬಿಟ್ಟರೆ ಕಾಲು ತಾಜಾ ಇರುತ್ತದೆ, ಬ್ಯಾಟ್ ಇನ್ನೂ ಚಿಗುರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆ ನಂಬಿಕೆಗೆ ಆಧಾರ ಇಲ್ಲ ಅಂತಲ್ಲ. ಕ್ರಿಕೆಟ್‌ನಲ್ಲಿ ಕುಮಾರ ಸಂಗಕ್ಕಾರ ಕೀಪಿಂಗ್ ಮಾಡಿದ 48 ಟೆಸ್ಟ್‌ಗಳಲ್ಲಿ ಸರಾಸರಿ 40ರ ಆಸುಪಾಸು. ಕೈಗವಸು ಇಲ್ಲದೆ ಆಡಿದ ಟೆಸ್ಟ್‌ಗಳಲ್ಲಿ 66ಕ್ಕೂ ಹೆಚ್ಚು. ಬೇಸ್‌ಬಾಲ್‌ನಲ್ಲೇ ಜೋ ಟೋರೆ ಕ್ಯಾಚಿಂಗ್ ಬಿಟ್ಟು ಮೂರನೇ ಬೇಸ್‌ಗೆ ಹೋಗಿ 1971ರಲ್ಲಿ .363 ಹೊಡೆದು ಅತ್ಯಮೂಲ್ಯ ಆಟಗಾರ ಆದರು. ಹಾಗಾದರೆ ಮಾವರ್‌ಗೆ ಏನಾಯಿತು?

ಗಾಯ ಅವರ ಜೊತೆಗೇ ಫಸ್ಟ್ ಬೇಸ್‌ಗೆ ಬಂದಿತ್ತು. ಕನ್ಕಷನ್ ಆದ ಮೇಲೂ ಬಹಳ ಕಾಲ ಬ್ಯಾಟ್ ಮಾಡುವಾಗ ಕಣ್ಣು ಮಂಜಾಗುತ್ತಿತ್ತು ಎನ್ನುವುದನ್ನು ಅವರು ಹೊರಗೆ ಹೇಳಿದ್ದು 2016ರ ಋತು ಶುರುವಾಗುವ ಹೊತ್ತಿಗೆ. ಆಮೇಲೆ ಹಗಲು ಪಂದ್ಯದಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಬ್ಯಾಟ್ ಮಾಡಲು ನೋಡಿದರು. ಪಿಚರ್ ಕೈಯಿಂದ ಹೊರಟ ಚೆಂಡು ಬ್ಯಾಟ್ ಮುಟ್ಟಲು ಬೇಕಾಗುವುದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ. ಮಾವರ್ ತಾಕತ್ತಿನ ಬ್ಯಾಟರ್ ಆಗಿರಲಿಲ್ಲ. ಎಸೆತವನ್ನು ಕೊನೇ ಕ್ಷಣದ ತನಕ ನೋಡಿ ಎಡ ಅಂಗಳಕ್ಕೆ ತಳ್ಳುವುದೇ ಅವರ ಆಟ. ಆ ಆಟಕ್ಕೆ ಕಣ್ಣೇ ಬಂಡವಾಳ. ಅದರಲ್ಲಿ ಒಂದು ಕೂದಲೆಳೆಯಷ್ಟು ಕಡಿಮೆಯಾದರೂ ಲೆಕ್ಕ ತಪ್ಪುತ್ತದೆ.

ಪೂರ್ತಿ ತಪ್ಪನ್ನು ತಲೆಯ ಪೆಟ್ಟಿನ ಮೇಲೆ ಹಾಕುವುದೂ ನ್ಯಾಯ ಅಲ್ಲ. 2013ರಲ್ಲಿ 113 ಪಂದ್ಯದಲ್ಲೇ 89 ಸಲ ಸ್ಟ್ರೈಕ್ ಔಟ್ (ಚೆಂಡು ಆಡಲಾಗದೆ ಮೂರು ಸ್ಟ್ರೈಕ್‌ಗೆ ಔಟ್) ಆಗಿದ್ದರು. ಅಲ್ಲಿಯವರೆಗಿನ ಅವರ ಜೀವನದಲ್ಲಿ ಅದೇ ಜಾಸ್ತಿ. ಆ ವರ್ಷ ಅಂಗಳದೊಳಗೆ ಹೊಡೆದ ಚೆಂಡುಗಳಲ್ಲಿ ಹಿಟ್ ಆದ ಪ್ರಮಾಣ .383. ಅಷ್ಟು ಎತ್ತರದಲ್ಲಿ ಯಾರೂ ಬಹಳ ದಿನ ನಿಲ್ಲುವುದಿಲ್ಲ. ಒಂದಿಷ್ಟು ಇಳಿತ ಹೇಗಿದ್ದರೂ ಬರುತ್ತಿತ್ತು. ಕ್ಯಾಚರ್ ಆಗಿ ಉಳಿದಿದ್ದರೂ ಬರುತ್ತಿತ್ತು.

ಫಸ್ಟ್ ಬೇಸ್‌ನಲ್ಲಿ .277 ಮತ್ತು ನಾಲ್ಕು ಹೋಮ್ ರನ್ ಅಂದರೆ ಜನ ಸುಮ್ನೆ ಬಿಡುತ್ತಾರಾ? ಅದು ಮೂವತ್ತು ಹೋಮ್ ರನ್ ಹೊಡೆಯುವವರ ಜಾಗ. 2.3 ಕೋಟಿ ಡಾಲರ್ ತೆಗೆದುಕೊಂಡು ಸಿಂಗಲ್ ಹೊಡೆಯುತ್ತಾನೆ ಎಂದರು. ಅದೇ ಅಂಕಿಗಳನ್ನು ಒಬ್ಬ ಕ್ಯಾಚರ್ ತಂದಿದ್ದರೆ ಬೆನ್ನು ತಟ್ಟುತ್ತಿದ್ದರು. ಜಾಗ ಬದಲಿಸುವ ಆಟಗಾರ ಹೊರಬೇಕಾದ ನಿಜವಾದ ಭಾರ ಇದು. ಮೈಗೆ ಹಗುರ, ಮಾನಕ್ಕೆ ಭಾರ.

ಈಗ ಒಂದು ಅಂಕಿ ಹೇಳುತ್ತೇನೆ. ಅದನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ. 2009ರಿಂದ 2013ರವರೆಗಿನ ಐದು ವರ್ಷದಲ್ಲಿ ಮಾವರ್ ಆಡಿದ್ದು 617 ಪಂದ್ಯ. ಜಾಗ ಬದಲಿಸಿದ ಮೇಲಿನ ಐದು ವರ್ಷದಲ್ಲಿ, ಅಂದರೆ 31ರಿಂದ 35ರ ವಯಸ್ಸಿನಲ್ಲಿ, 680 ಪಂದ್ಯ. ವಯಸ್ಸಾಗುತ್ತಾ ಹೋದಂತೆ ಪಂದ್ಯ ಹೆಚ್ಚಾದವು. 2015ರಲ್ಲಂತೂ 158 ಪಂದ್ಯ, ಅವರ ಜೀವನದಲ್ಲೇ ಅತಿ ಹೆಚ್ಚು. ನನ್ನ ಪ್ರಕಾರ ಈ ತೀರ್ಮಾನವನ್ನು ಅಳೆಯಬೇಕಾದ ಗೋಲು ಇದು.

ಬೇರೆಯವರು ಹೋದ ದಾರಿ

ಒಬ್ಬರ ಉದಾಹರಣೆ ಇಟ್ಟುಕೊಂಡು ಎಲ್ಲರಿಗೂ ತೀರ್ಪು ಕೊಡಲು ಆಗುವುದಿಲ್ಲ. ಹೂಸ್ಟನ್‌ನ ಕ್ರೇಗ್ ಬಿಜಿಯೋ 1991ರಲ್ಲಿ ಕ್ಯಾಚರ್ ಆಗಿ ಆಲ್ ಸ್ಟಾರ್. 1992ರಲ್ಲಿ ಎರಡನೇ ಬೇಸ್‌ಗೆ ಹೋದರು, ಅಲ್ಲೂ ಆಲ್ ಸ್ಟಾರ್. ಆಗ ಅವರಿಗೆ 26. ಕಾಲಲ್ಲಿ ಓಟ ಇತ್ತು, ತಂಡ ಅದನ್ನು ಉಳಿಸಿಕೊಳ್ಳಲು ಬಯಸಿತು. ಅವರು 3,060 ಹಿಟ್ ಹೊಡೆದು 2007ರಲ್ಲಿ ನಿಂತರು. ಗಾಯ ಆಗುವ ಮುಂಚೆ ಜಾಗ ಬದಲಿಸಿದರೆ ಏನಾಗಬಹುದು ಅಂತ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಮೈಕ್ ಪಿಯಾಝಾ ಕಥೆ ಬೇರೆ. 2004ರಲ್ಲಿ, 35ರ ವಯಸ್ಸಿನಲ್ಲಿ, ಮೆಟ್ಸ್ ಅವರನ್ನು ಫಸ್ಟ್ ಬೇಸ್‌ಗೆ ಕಳಿಸಿತು. ಆ ಜಾಗ ಅವರ ಮೈಗೆ ಹೊಂದಲೇ ಇಲ್ಲ. ಮುಂದಿನ ವರ್ಷ ಮತ್ತೆ ಮುಖವಾಡ ತೊಟ್ಟರು. ಕಾರ್ಲ್‌ಟನ್ ಫಿಸ್ಕ್ ಅವರನ್ನು ಷಿಕಾಗೊ ವೈಟ್ ಸಾಕ್ಸ್ 1986ರಲ್ಲಿ ಲೆಫ್ಟ್ ಫೀಲ್ಡ್‌ನಲ್ಲಿ ನಿಲ್ಲಿಸಿತು. ಅದೂ ಕೆಲವೇ ವಾರ. ಫಿಸ್ಕ್ ಹಿಂದಕ್ಕೆ ಬಂದು 45 ವರ್ಷದ ತನಕ ಕ್ಯಾಚರ್ ಆಗಿಯೇ ಆಡಿದರು, ಒಟ್ಟು 2,226 ಪಂದ್ಯ. ಕೆಲವು ಮೈಗಳು ಆ ಜಾಗಕ್ಕೇ ಹುಟ್ಟಿರುತ್ತವೆ. ಜಾನಿ ಬೆಂಚ್ ಸಾಲಾಗಿ 13 ಋತುಗಳಲ್ಲಿ ನೂರಕ್ಕೂ ಹೆಚ್ಚು ಪಂದ್ಯ ಕೂತು, ಕೊನೆಯ ಮೂರು ವರ್ಷ ಮೂರನೇ ಮತ್ತು ಮೊದಲ ಬೇಸ್‌ನಲ್ಲಿ ಕಳೆದರು. ಅಷ್ಟರಲ್ಲಿ ತಡವಾಗಿತ್ತು. 35ಕ್ಕೆ ನಿವೃತ್ತಿ.

ನನಗೆ ಹೆಚ್ಚು ಕಾಡುವ ಹೋಲಿಕೆ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಚರ್ ಬಸ್ಟರ್ ಪೋಸಿ. 2011ರ ಮೇ 25ರಂದು ಹೋಮ್ ಪ್ಲೇಟ್‌ನಲ್ಲಿ, ಅಂದರೆ ಕ್ಯಾಚರ್ ಕಾಯುವ ಓಟದ ಕೊನೆಯ ಗುರುತಿನಲ್ಲಿ, ಓಟಗಾರ ಬಂದು ಗುದ್ದಿ ಅವರ ಕಾಲಿನ ಮೂಳೆ ಮುರಿಯಿತು, ಕಣಕಾಲಿನ ತಂತುಗಳು ಹರಿದವು. ಅವರನ್ನೂ ಫಸ್ಟ್ ಬೇಸ್‌ಗೆ ಕಳಿಸಿ ಅಂತ ಕೂಗೆದ್ದಿತು. ಅವರು ಕ್ಯಾಚರ್ ಆಗಿಯೇ ಹಿಂದಿರುಗಿ 2012ರಲ್ಲಿ ಅತ್ಯಮೂಲ್ಯ ಆಟಗಾರ ಆದರು. ಗುದ್ದುವುದನ್ನು ತಡೆಯಲು 2014ರಲ್ಲಿ ನಿಯಮವೇ ಬಂತು. ಪೋಸಿ ಮುರಿದುಕೊಂಡದ್ದು ಮೂಳೆ. ಮೂಳೆ ಕೂಡಿಕೊಳ್ಳುತ್ತದೆ, ಗುದ್ದನ್ನು ನಿಯಮ ತಡೆಯುತ್ತದೆ. ಫೌಲ್ ಟಿಪ್ ತಡೆಯುವ ನಿಯಮ ಬರೆಯಲು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ಪೋಸಿ ಕೂತದ್ದೂ ಸರಿ, ಮಾವರ್ ಎದ್ದದ್ದೂ ಸರಿ.

ಇಂಥ ಇನ್ನೊಬ್ಬ ಕ್ಯಾಚರ್ ನಾಳೆ ಎದುರಿಗೆ ಬಂದರೆ ನಾನು ಮೊದಲು ತಲೆಯ ಇತಿಹಾಸ ಕೇಳುತ್ತೇನೆ. ಎಷ್ಟು ಪೆಟ್ಟು, ಎಷ್ಟು ದಿನ ತಲೆಸುತ್ತು, ಓದುವಾಗ ಕಣ್ಣು ಹೇಗಿದೆ. ಅಲ್ಲಿ ಒಂದು ಗಂಟು ಇದ್ದರೂ ಬ್ಯಾಟಿಂಗ್ ಅಂಕಿ ನೋಡುವ ಅಗತ್ಯವೇ ಇಲ್ಲ, ಎದ್ದು ಬನ್ನಿ ಅನ್ನುತ್ತೇನೆ. ತಲೆ ಗಟ್ಟಿ ಇದ್ದು ಬರೀ ಕಾಲು ದಣಿದಿದ್ದರೆ ಆತುರ ಬೇಡ. ವಾರಕ್ಕೆ ಮೂರು ನಾಲ್ಕು ದಿನ ಕೂತು, ಉಳಿದ ದಿನ ಬೇರೆ ಜಾಗದಲ್ಲಿ ಆಡಬಹುದು. ಆ ಬೇರೆ ಜಾಗವನ್ನು 27, 28ರ ವಯಸ್ಸಿನಲ್ಲೇ ಕಲಿಸಲು ಶುರು ಮಾಡಬೇಕು. ಪಿಯಾಝಾಗೆ ಆದಂತೆ ಮೂವತ್ತೈದರಲ್ಲಿ ಹೊಸ ಕೈಗವಸು ಕೊಟ್ಟು ಅಂಗಳಕ್ಕೆ ತಳ್ಳಬಾರದು. ಬ್ಯಾಟ್ ತೀರಾ ಸಾಧಾರಣವಾಗಿದ್ದು ಕೈಗವಸೇ ಬಂಡವಾಳವಾಗಿದ್ದರೆ ಬೇರೆ ಜಾಗ ಅನ್ನುವುದೇ ಇರುವುದಿಲ್ಲ. ಅಂಥವರಿಗೆ ಕ್ಯಾಚಿಂಗ್ ಮುಗಿದರೆ ಆಟವೇ ಮುಗಿಯಿತು. ಅವರ ತೀರ್ಮಾನ ಮಾವರ್‌ಗಿಂತ ಎಷ್ಟೋ ಕಷ್ಟದ್ದು.

ಟ್ವಿನ್ಸ್‌ನ ತಪ್ಪು 2013ರದ್ದಲ್ಲ, 2010ರದ್ದು. ಎಂಟು ವರ್ಷದ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಯಾವ ವರ್ಷ ಕ್ಯಾಚಿಂಗ್ ನಿಲ್ಲಬೇಕು ಅಂತ ಇಬ್ಬರೂ ಕೂತು ಬರೆದುಕೊಳ್ಳಬೇಕಿತ್ತು. ಆಗ ಆಗದಿದ್ದರೆ ಆ ಜುಲೈನಲ್ಲಿ ಮಾರ್ನೋ ಅವರ ಹಾಸಿಗೆ ಪಕ್ಕದಲ್ಲಾದರೂ ಆ ಮಾತು ಆಡಬಹುದಿತ್ತು. ಬೆಲೆ ಕ್ಯಾಚರ್‌ನದ್ದಾಗಿತ್ತು, ಅದಕ್ಕೇ ಯಾರಿಗೂ ಆ ಮಾತು ಬೇಕಿರಲಿಲ್ಲ.

ಫಸ್ಟ್ ಬೇಸ್ ಕೂಡ ಪೂರ್ತಿ ಕಾಪಾಡಲಿಲ್ಲ. 2018ರ ಮೇ ತಿಂಗಳಲ್ಲಿ ಒಂದು ಫೌಲ್ ಚೆಂಡಿಗೆ ಹಾರಿ ಬಿದ್ದರು. ಹಳೆಯ ಲಕ್ಷಣಗಳು ಮತ್ತೆ ಕಾಣಿಸಿಕೊಂಡವು. ಆ ನವೆಂಬರ್‌ನಲ್ಲಿ ನಿವೃತ್ತಿಯ ಪತ್ರ ಬರೆದಾಗ ತಲೆಯ ಗಾಯವನ್ನೂ ಮನೆಯವರನ್ನೂ ಅವರು ನೆನೆದರು. 921 ಪಂದ್ಯ ಕ್ಯಾಚರ್ ಆಗಿ, ಒಟ್ಟು 1,858 ಪಂದ್ಯ, 2,123 ಹಿಟ್, .306 ಸರಾಸರಿ. ಅಷ್ಟು ಕಡಿಮೆ ದಿನ ಕೂತವರನ್ನು ಕ್ಯಾಚರ್ ಅನ್ನಬಹುದಾ ಅಂತ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಹೊತ್ತಿಗೆ ವಾದ ನಡೆಯಿತು. 2024ರಲ್ಲಿ, ಮೊದಲ ಸಲದ ಮತದಾನದಲ್ಲೇ, ಬೇಕಿದ್ದ 75 ಶೇಕಡಾಕ್ಕೆ 76.1 ಬಂತು. ಮೊದಲ ಸಲಕ್ಕೇ ಒಳಗೆ ಹೋದ ಕ್ಯಾಚರ್‌ಗಳಲ್ಲಿ ಬೆಂಚ್ ಮತ್ತು ಇವಾನ್ ರೋಡ್ರಿಗಸ್ ಆದ ಮೇಲೆ ಇವರೇ.

ಅವರ ಕೊನೆಯ ಪಂದ್ಯ 2018ರ ಸೆಪ್ಟೆಂಬರ್ 30. ಎದುರಾಳಿ ಷಿಕಾಗೊ ವೈಟ್ ಸಾಕ್ಸ್. ಪಂದ್ಯದ ಶುರುವಿನಲ್ಲಿ ಫಸ್ಟ್ ಬೇಸ್‌ಗೆ ಹೋಗಿ ನಿಂತಾಗ ಇಬ್ಬರು ಹೆಣ್ಣುಮಕ್ಕಳು ಓಡಿ ಬಂದು ಅಪ್ಪಿಕೊಂಡರು. 2013ರ ಪೆಟ್ಟಿನ ಹೊತ್ತಿಗೆ ತಿಂಗಳೂ ತುಂಬಿರದ ಅವಳಿಗಳು ಈಗ ಐದು ವರ್ಷದವರು. ಕೊನೆಯ ಬ್ಯಾಟಿಂಗ್‌ನಲ್ಲಿ ಮಾವರ್ ಡಬಲ್, ಅಂದರೆ ಎರಡನೇ ಬೇಸ್ ತಲುಪಿಸುವ ಹೊಡೆತ, ಹೊಡೆದರು. ಒಂಬತ್ತನೇ ಇನ್ನಿಂಗ್ಸ್ ಶುರುವಾಗುವಾಗ ಒಳಗಿನಿಂದ ಹೊರಬಂದರು. ಮೈಮೇಲೆ ಕ್ಯಾಚರ್‌ನ ಕವಚ, ಕೈಯಲ್ಲಿ ಮುಖವಾಡ. ಐದು ವರ್ಷದ ಮೇಲೆ ಮೊದಲ ಸಲ. ಇಡೀ ಮೈದಾನ ಎದ್ದು ನಿಂತಿತು. ಹೋಮ್ ಪ್ಲೇಟ್ ಹಿಂದೆ ಕುಕ್ಕರಗಾಲಲ್ಲಿ ಕೂತರು, ಕಣ್ಣು ತುಂಬಿತ್ತು. ಮ್ಯಾಟ್ ಬೆಲೈಲ್ ಒಂದು ಎಸೆತ ಹಾಕಿದರು. ಚೆಂಡು ಕೈಗವಸಿಗೆ ಬಂತು. ಮಾವರ್ ಎದ್ದರು, ಮುಖವಾಡ ತೆಗೆದರು, ಜನರತ್ತ ಕೈ ಬೀಸಿ ಒಳಗೆ ನಡೆದರು.